ಪಚ್ಚೆ ಬಣ್ಣದ ಜಿರಲೆ ಕಣಜ: ಹೊಳಪು ನೋಡಿ ಮೋಸಹೋಗಬೇಡಿ, ಕಾಲು ನೋಡಿ ಗುರುತಿಸಿ

ಬಚ್ಚಲುಮನೆಯ ಕಿಟಕಿ ಗಾಜಿನ ಮೇಲೆ ಪಚ್ಚೆಕಲ್ಲಿನಂತೆ ಹೊಳೆಯುವ ಹುಳುವೊಂದು ಸರಸರನೆ ಓಡಾಡುತ್ತಿದೆ. ಬೆಳಕು ಒಂದು ಕಡೆಯಿಂದ ಬಿದ್ದರೆ ಹಸಿರು, ಇನ್ನೊಂದು ಕಡೆಯಿಂದ ಬಿದ್ದರೆ ನೀಲಿ. ನೋಡಿದವರು ಮಾಡುವುದು ಸಾಮಾನ್ಯವಾಗಿ ಎರಡೇ ಕೆಲಸ: ಒಂದೋ ಕಚ್ಚೀತೆಂದು ಹೆದರಿ ಕೀಟನಾಶಕ ಸಿಂಪಡಿಸುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದು 'ಇದು ಯಾವ ಹುಳು?' ಎಂದು ಕೇಳುತ್ತಾರೆ. ಉತ್ತರವಾಗಿ 'ಜಿರಲೆಯನ್ನು ಗುಲಾಮನನ್ನಾಗಿ ಮಾಡುವ ಕಣಜ' ಎಂಬ ವಿಡಿಯೊ ಬಂದು ಬೀಳುತ್ತದೆ.

ಆ ಉತ್ತರ ಎಷ್ಟೋ ಸಲ ತಪ್ಪಾಗಿರುತ್ತದೆ. ಭಾರತದ ಮನೆಗಳಲ್ಲಿ, ತೋಟಗಳಲ್ಲಿ ಹಸಿರು-ನೀಲಿ ಹೊಳಪಿನ ಕಣಜಗಳು ಹಲವು ಬಗೆಯವು ಇವೆ. ಒಂದು ಜೇಡವನ್ನು ಹಿಡಿಯುತ್ತದೆ, ಒಂದು ಇತರ ಕಣಜಗಳ ಗೂಡಿಗೆ ಕನ್ನ ಹಾಕುತ್ತದೆ, ಇನ್ನೊಂದು ನೆಲದಲ್ಲಿ ಬಿಲ ತೋಡುವ ಕೀಟಗಳನ್ನು ಬೇಟೆಯಾಡುತ್ತದೆ. ಜಿರಲೆ ಹಿಡಿಯುವ ಕಣಜ ಇವುಗಳ ಪೈಕಿ ಒಂದು ಮಾತ್ರ. ಅದರ ವೈಜ್ಞಾನಿಕ ಹೆಸರು ಆಂಪ್ಯುಲೆಕ್ಸ್ ಕಂಪ್ರೆಸ್ಸಾ. ಅದನ್ನು ಸರಿಯಾಗಿ ಗುರುತಿಸುವುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಎಲ್ಲಿ ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು.

ಹೆಸರು ಮತ್ತು ಮನೆತನ

ಈ ಕಣಜವನ್ನು ವಿಜ್ಞಾನದ ದಾಖಲೆಗೆ ಮೊದಲು ಸೇರಿಸಿದವರು ಡೆನ್ಮಾರ್ಕ್ ಮೂಲದ ಕೀಟಶಾಸ್ತ್ರಜ್ಞ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್, 1781ರಲ್ಲಿ. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ ಅವರ ಶಿಷ್ಯ ಇವರು. 'ಕಂಪ್ರೆಸ್ಸಾ' ಎಂದರೆ ಲ್ಯಾಟಿನ್ನಿನಲ್ಲಿ 'ಒತ್ತಿದಂತಿರುವುದು' ಎಂದರ್ಥ.

ಇರುವೆ, ಜೇನು, ಕಣಜಗಳೆಲ್ಲ ಸೇರಿರುವ ಹೈಮೆನಾಪ್ಟೆರಾ ಎಂಬ ದೊಡ್ಡ ಗಣದಲ್ಲಿ ಇದರದು ಆಂಪ್ಯುಲಿಸಿಡೇ ಎಂಬ ಸಣ್ಣ ಕುಟುಂಬ. ಜಗತ್ತಿನಾದ್ಯಂತ ಈ ಕುಟುಂಬದಲ್ಲಿ ಗುರುತಾಗಿರುವುದು ಸುಮಾರು 200 ಪ್ರಭೇದಗಳು. ಇವುಗಳ ಬೇಟೆ ಜಿರಲೆಗಳು. ದಕ್ಷಿಣ ಏಷ್ಯಾ, ಆಫ್ರಿಕಾ, ಪೆಸಿಫಿಕ್ ದ್ವೀಪಗಳ ಬೆಚ್ಚನೆಯ ಪ್ರದೇಶಗಳಲ್ಲಿ ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಕಾಣಸಿಗುತ್ತದೆ. ಭಾರತ ಅದರ ಸಹಜ ನೆಲೆಗಳಲ್ಲಿ ಒಂದು.

ಇಂಗ್ಲಿಷಿನಲ್ಲಿ ಇದನ್ನು 'ಎಮರಾಲ್ಡ್ ಕಾಕ್ರೋಚ್ ವಾಸ್ಪ್' ಅಂತಲೂ 'ಜ್ಯುವೆಲ್ ವಾಸ್ಪ್' ಅಂತಲೂ ಕರೆಯುವುದುಂಟು. ಗೊಂದಲ ಶುರುವಾಗುವುದು ಇಲ್ಲೇ. ನೊಣಗಳ ಕೋಶದಲ್ಲಿ ಮೊಟ್ಟೆಯಿಡುವ ನಸೋನಿಯಾ ಎಂಬ ಪುಟ್ಟ ಕಣಜಕ್ಕೂ 'ಜ್ಯುವೆಲ್ ವಾಸ್ಪ್' ಎಂಬ ಹೆಸರಿದೆ. ಅದು ಎರಡು-ಮೂರು ಮಿಲಿಮೀಟರ್ ಉದ್ದದ, ಜಿರಲೆಗೂ ತನಗೂ ಸಂಬಂಧವೇ ಇಲ್ಲದ ಕೀಟ. ಆಡುಹೆಸರನ್ನು ನಂಬಿ ಹುಡುಕಿದರೆ ಎರಡು ಬೇರೆ ಬೇರೆ ಜೀವಿಗಳ ಮಾಹಿತಿ ಕಲಸಿಕೊಂಡು ಬರುವುದು ಇದೇ ಕಾರಣಕ್ಕೆ.

ಪರಾವಲಂಬಿ, ಆದರೆ ಹೇನಿನಂತಲ್ಲ

ಹೇನು, ಉಣ್ಣೆಯಂಥ ಪರಾವಲಂಬಿಗಳು ಆಶ್ರಯ ಕೊಟ್ಟ ಜೀವಿಯನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ; ಅದರ ಮೇಲೆ ಬದುಕುತ್ತವೆ. ಹುಲಿ, ಹದ್ದುಗಳಂಥ ಬೇಟೆಗಾರ ಪ್ರಾಣಿಗಳು ಕೊಂದು ತಿನ್ನುತ್ತವೆ. ಇವೆರಡರ ನಡುವಿನ ದಾರಿ ಹಿಡಿದಿರುವ ಜೀವಿಗಳನ್ನು 'ಪ್ಯಾರಾಸಿಟಾಯ್ಡ್' ಎನ್ನುತ್ತಾರೆ. ಇವುಗಳ ಮರಿ ಒಂದು ಜೀವಿಯ ಮೇಲೆ ಅಥವಾ ಒಳಗೆ ಬೆಳೆಯುತ್ತದೆ. ಬೆಳೆದು ಮುಗಿಯುವಷ್ಟರಲ್ಲಿ ಆ ಜೀವಿ ಸಾಯುತ್ತದೆ. ಪ್ರೌಢ ಕಣಜ ಮಾತ್ರ ಸ್ವತಂತ್ರವಾಗಿ ಹಾರಾಡಿಕೊಂಡಿರುತ್ತದೆ.

ಪಚ್ಚೆ ಕಣಜಕ್ಕೆ ಜಿರಲೆ ಬೇಕಾಗಿರುವುದು ಮುಖ್ಯವಾಗಿ ಮರಿಗಾಗಿ. ಒಂದು ಮರಿಗೆ ಒಂದು ಜಿರಲೆ: ಇದು ಲೆಕ್ಕ.

ಗುರುತಿನ ಲಕ್ಷಣಗಳು

ಗುರುತಿಸುವಾಗ ಬಣ್ಣದಿಂದ ಆರಂಭಿಸಬಾರದು. ಈ ಕಣಜಗಳ ಲೋಹದಂಥ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಮೈಕವಚದ ಅತಿ ತೆಳುವಾದ ಪದರಗಳು ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಹುಟ್ಟಿದ್ದು. ಸೋಪಿನ ಗುಳ್ಳೆಯ ಮೇಲೆ ಬಣ್ಣ ಓಡಾಡುವ ಹಾಗೆ ಇಲ್ಲಿಯೂ ನೋಡುವ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ. ಒಂದೇ ಕಣಜ ಒಂದು ಫೋಟೊದಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ, ಮಂದ ಬೆಳಕಿನಲ್ಲಿ ಕಪ್ಪು. ಹಾಗಾಗಿ ಬಣ್ಣ ಒಂದು ಸುಳಿವು ಅಷ್ಟೇ, ಸಾಕ್ಷಿಯಲ್ಲ.

ಸಾಕ್ಷಿಗಳು ಇವು:

ಮೊದಲನೆಯದು ತೊಡೆಯ ಕೆಂಪು. ಕೀಟಕ್ಕೆ ಮೂರು ಜೊತೆ ಕಾಲುಗಳಿರುತ್ತವೆ. ಆಂಪ್ಯುಲೆಕ್ಸ್ ಕಂಪ್ರೆಸ್ಸಾದಲ್ಲಿ ನಡುವಿನ ಮತ್ತು ಹಿಂದಿನ ಜೊತೆಯ ಕಾಲುಗಳ ತೊಡೆಭಾಗ ಇಟ್ಟಿಗೆಗೆಂಪು. ಮುಂದಿನ ಕಾಲುಗಳ ತೊಡೆಯಲ್ಲಿ ಈ ಕೆಂಪು ಇರುವುದಿಲ್ಲ. ಹಸಿರು-ನೀಲಿ ಮೈ, ನಾಲ್ಕು ಕೆಂಪು ತೊಡೆ: ಈ ಜೋಡಿಯೇ ಇದರ ಪ್ರಧಾನ ಗುರುತು. ಮೈಯ ಹೊಳಪಿನಂತೆ ಈ ಕೆಂಪು ಕೋನ ಬದಲಾದರೆ ಮಾಯವಾಗುವುದಿಲ್ಲ.

ಎರಡನೆಯದು ಕುತ್ತಿಗೆ. ತಲೆಯ ಹಿಂದೆ, ರೆಕ್ಕೆಗಳ ಮುಂದೆ ಇರುವ ಎದೆಯ ಮೊದಲ ಭಾಗ ಈ ಕಣಜದಲ್ಲಿ ಉದ್ದವಾಗಿ, ಕಿರಿದಾಗಿ ಕುತ್ತಿಗೆಯಂತೆ ಕಾಣುತ್ತದೆ. ಮೇಲಿನಿಂದ ನೋಡಿದಾಗ ತಲೆ ಮೈಗೆ ಅಂಟಿಕೊಂಡಂತಿರದೆ, ಮುಂದಕ್ಕೆ ಚಾಚಿದಂತಿರುತ್ತದೆ.

ಮೂರನೆಯದು ಸೊಂಟ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಎದೆ ಮತ್ತು ಹೊಟ್ಟೆಯ ನಡುವೆ ದಾರದಂಥ ಉದ್ದನೆಯ ಸೊಂಟವಿರುತ್ತದೆ. ಪಚ್ಚೆ ಕಣಜದ ಸೊಂಟ ಕಿರಿದಾದರೂ ಗಿಡ್ಡ. ಬರಿಗಣ್ಣಿಗೆ ಎದೆಯ ಬೆನ್ನಿಗೇ ಹೊಟ್ಟೆ ಶುರುವಾದಂತೆ ಕಾಣುತ್ತದೆ.

ನಾಲ್ಕನೆಯದು ಹೊಟ್ಟೆಯ ಆಕಾರ. ಹೆಣ್ಣಿನ ಹೊಟ್ಟೆ ತುದಿಯ ಕಡೆಗೆ ಎರಡು ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿ, ಚೂಪಾಗಿ ಮುಗಿಯುತ್ತದೆ. 'ಕಂಪ್ರೆಸ್ಸಾ' ಎಂಬ ಪದಕ್ಕೆ ಇದು ಹೊಂದುತ್ತದೆ. ಬಾಗುವ ಈ ಚೂಪು ತುದಿಯಿಂದಲೇ ಕಣಜ ಜಿರಲೆಯ ತಲೆಯೊಳಕ್ಕೆ ಕೊಂಡಿ ತೂರಿಸುತ್ತದೆ.

ಐದನೆಯದು ಮೈಯ ಮೇಲ್ಮೈ. ಎದೆಭಾಗದ ಮೇಲೆ ಚುಚ್ಚಿದಂಥ ಗುಳಿಗಳಿವೆ. ಎದೆಯ ಹಿಂಬದಿಯಲ್ಲಿ ಉದ್ದುದ್ದ ಗೆರೆಗಳು ಏಣುಗಳಂತೆ ಎದ್ದಿರುತ್ತವೆ. ಅದರ ಹಿಂದಿನ ಎರಡು ಮೂಲೆಗಳು ಪುಟ್ಟ ಹಲ್ಲಿನಂತೆ ಚಾಚಿಕೊಂಡಿರುತ್ತವೆ. ಇದನ್ನು ನೋಡಲು ಭೂತಗನ್ನಡಿ ಅಥವಾ ಹತ್ತಿರದಿಂದ ತೆಗೆದ ಸ್ಪಷ್ಟ ಫೋಟೊ ಬೇಕು.

ಇನ್ನು ಗಾತ್ರ. ಹೆಣ್ಣು ಸುಮಾರು 22 ಮಿಲಿಮೀಟರ್ ಉದ್ದ, ಅಂದರೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ಅಡ್ಡಳತೆಯಷ್ಟು. ಗಂಡು ಅದಕ್ಕಿಂತ ಬಹಳ ಚಿಕ್ಕದು. ಗಂಡಿಗೆ ಕೊಂಡಿ ಇರುವುದಿಲ್ಲ. ಇದು ಈ ಒಂದು ಕಣಜದ ವಿಷಯವಲ್ಲ: ಕಣಜಗಳಲ್ಲಿ ಕೊಂಡಿ ಎಂದರೆ ಮೊಟ್ಟೆಯಿಡುವ ಅಂಗದ ಮಾರ್ಪಾಡು, ಹಾಗಾಗಿ ಅದು ಹೆಣ್ಣಿಗೆ ಮಾತ್ರ. ಗಂಡು-ಹೆಣ್ಣಿನ ಗಾತ್ರದ ಈ ವ್ಯತ್ಯಾಸ ಗೊತ್ತಿಲ್ಲದವರು ಚಿಕ್ಕ ಗಂಡನ್ನು ಬೇರೆಯದೇ ಪ್ರಭೇದ ಎಂದುಕೊಳ್ಳುವ ಸಾಧ್ಯತೆ ಇದೆ.

ಇದರಂತೆಯೇ ಕಾಣುವ ನಾಲ್ಕು ಕೀಟಗಳು

ಕೋಗಿಲೆ ಕಣಜ: ಕ್ರಿಸಿಡಿಡೇ ಕುಟುಂಬದ ಈ ಕಣಜಗಳ ಹೊಳಪು ಪಚ್ಚೆ ಕಣಜಕ್ಕಿಂತಲೂ ಜೋರು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವಂತೆ ಇವು ಬೇರೆ ಕಣಜ, ಜೇನುಗಳ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಮನೆಯ ಗೋಡೆಯ ಮೇಲಿನ ಒಣ ಮಣ್ಣಿನ ಗೂಡುಗಳ ಸುತ್ತ ಸುಳಿದಾಡುವ ದಪ್ಪನೆಯ ನೀಲಿ-ಹಸಿರು ಹುಳು ಇದೇ ಕುಟುಂಬದ ಸ್ಟಿಲ್ಬಮ್ ಸಯಾನುರಮ್ ಆಗಿರಬಹುದು. ಇವುಗಳ ಮೈ ಗಟ್ಟಿಮುಟ್ಟು, ಹೊಟ್ಟೆಯ ಅಡಿಭಾಗ ಒಳಕ್ಕೆ ತಗ್ಗಾಗಿರುತ್ತದೆ. ಮುಟ್ಟಿದರೆ ಚೆಂಡಿನಂತೆ ಮುದುರಿಕೊಳ್ಳುತ್ತವೆ. ಪಚ್ಚೆ ಕಣಜ ಹಾಗೆ ಮುದುರುವುದಿಲ್ಲ, ಓಡುತ್ತದೆ.

ನೀಲಿ ಮಣ್ಣಿನ ಕಣಜ: ಕ್ಯಾಲಿಬಿಯನ್ ಬೆಂಗಾಲೆನ್ಸ್ ಎಂಬ ಇದು ಭಾರತದಲ್ಲಿ ಸಾಮಾನ್ಯ. ಬಿದಿರಿನ ತೂತು, ಪೈಪಿನ ಬಾಯಿ, ಗೋಡೆಯ ರಂಧ್ರಗಳಲ್ಲಿ ಜೇಡಗಳನ್ನು ತುಂಬಿಸಿ ಬಾಯಿ ಮುಚ್ಚುತ್ತದೆ. ಮೈಬಣ್ಣ ಗಾಢ ನೀಲಿ. ದಾರದಂಥ ಸೊಂಟವೇ ಇದರ ಗುರುತು. ತೊಡೆಯಲ್ಲಿ ಕೆಂಪಿಲ್ಲ.

ಕ್ಲೋರಿಯನ್ ಲೋಬೇಟಮ್: ಪಚ್ಚೆ ಕಣಜದೊಂದಿಗೆ ಅತಿ ಸುಲಭವಾಗಿ ಅದಲುಬದಲಾಗುವುದು ಇದು. ದೊಡ್ಡ ಗಾತ್ರ, ಅದೇ ಹಸಿರು-ನೀಲಿ ಮೈ, ನೆಲದ ಮೇಲೆ ಅದೇ ಚುರುಕು ಓಡಾಟ. ಆದರೆ ಇದರ ಬೇಟೆ ಚಿಮ್ಮಂಡೆ, ಅಂದರೆ ರಾತ್ರಿ ಹೊತ್ತು ಕಿರ್ರೆಂದು ಕೂಗುವ, ನೆಲದಲ್ಲಿ ಬಿಲ ತೋಡುವ ಕೀಟ. ಹಾಗಾಗಿ ಇದು ಮನೆಯೊಳಗಿಗಿಂತ ಮರಳು ಮಣ್ಣಿನ ಬಯಲಿನಲ್ಲಿ, ಹುಲ್ಲುಹಾಸಿನಲ್ಲಿ ಹೆಚ್ಚು ಕಾಣುತ್ತದೆ. ಕಾಲುಗಳೂ ಸಾಮಾನ್ಯವಾಗಿ ಮೈಯಂತೆಯೇ ಲೋಹದ ಬಣ್ಣದವು.

ಹಸಿರು ನೊಣ: ಕಸದ ತೊಟ್ಟಿಯ ಬಳಿ, ಮೀನಿನ ಅಂಗಡಿಯಲ್ಲಿ ಕಾಣುವ ಲೋಹದ ಹಸಿರಿನ ನೊಣ. ದೂರದಿಂದ ನೋಡಿದವರು ಇದನ್ನೂ ಕಣಜ ಎಂದುಕೊಳ್ಳುತ್ತಾರೆ. ನೊಣಕ್ಕೆ ಎರಡೇ ರೆಕ್ಕೆ, ಕಣಜಕ್ಕೆ ನಾಲ್ಕು. ನೊಣದ ಕಣ್ಣು ದೊಡ್ಡದು, ಮೀಸೆ ಕಂಡೂ ಕಾಣದಷ್ಟು ಗಿಡ್ಡ. ಪಚ್ಚೆ ಕಣಜದ ಕಪ್ಪು ಮೀಸೆಗಳು ಉದ್ದವಾಗಿದ್ದು ಸದಾ ನಡುಗುತ್ತ, ತಡಕಾಡುತ್ತ ಇರುತ್ತವೆ.

ಒಂದು ಎಚ್ಚರಿಕೆ: ಆಂಪ್ಯುಲೆಕ್ಸ್ ಕುಲದಲ್ಲೇ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಹಸಿರಲ್ಲ. ಥಾಯ್ಲೆಂಡಿನಲ್ಲಿ ಸಿಕ್ಕ ಒಂದು ಪ್ರಭೇದದ ಮೈ ಕೆಂಪು-ಕಪ್ಪು. ಬರ್ಲಿನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಬಂದವರ ಮತದಾನದಿಂದ ಅದಕ್ಕೆ ಹ್ಯಾರಿ ಪಾಟರ್ ಕತೆಗಳ ಆತ್ಮ ಹೀರುವ ಪಾತ್ರದ ಹೆಸರು ಬಂತು: ಆಂಪ್ಯುಲೆಕ್ಸ್ ಡಿಮೆಂಟರ್. 2014ರಲ್ಲಿ ಆ ಹೆಸರು ಅಧಿಕೃತವಾಗಿ ಪ್ರಕಟವಾಯಿತು. ಹೀಗಾಗಿ ಮೇಲಿನ ಲಕ್ಷಣಗಳೆಲ್ಲ ಒಟ್ಟಿಗೆ ಹೊಂದಿದರೆ ಮಾತ್ರ ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಎನ್ನಬೇಕು. ಒಂದೆರಡು ಹೊಂದಿದರೆ 'ಆಂಪ್ಯುಲೆಕ್ಸ್ ಇರಬಹುದು' ಎಂದು ನಿಲ್ಲಿಸುವುದು ಒಳ್ಳೆಯದು.

ನಡವಳಿಕೆಯೂ ಒಂದು ಗುರುತು

ಕಣಜ ತನಗಿಂತ ದೊಡ್ಡ ಜಿರಲೆಯೊಂದನ್ನು ಮೀಸೆ ಹಿಡಿದು ನಡೆಸಿಕೊಂಡು ಹೋಗುತ್ತಿದ್ದರೆ ಅನುಮಾನ ಬಹುತೇಕ ಮುಗಿದಂತೆ. ಬೇರೆ ಕಣಜಗಳೂ ಬೇಟೆಯನ್ನು ಸಾಗಿಸುತ್ತವೆ. ಜೇಡ ಹಿಡಿಯುವ ಕಣಜ ನಿಶ್ಚಲವಾದ ಜೇಡವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಮಾತ್ರ ಬೇಟೆ ತನ್ನ ಕಾಲಲ್ಲೇ ನಡೆಯುತ್ತದೆ, ಹಗ್ಗ ಹಿಡಿದು ಕರೆದೊಯ್ಯುವ ಹಸುವಿನಂತೆ.

ಇದರ ಹಿಂದಿನ ಕೆಲಸ ಎರಡು ಚುಚ್ಚುಗಳದ್ದು. ಕಣಜ ಮೊದಲು ಜಿರಲೆಯ ತಲೆಯ ಹಿಂದಿನ ಫಲಕವನ್ನು ದವಡೆಯಿಂದ ಕಚ್ಚಿ ಹಿಡಿದು ಎದೆಗೆ ಚುಚ್ಚುತ್ತದೆ. ಇದರಿಂದ ಜಿರಲೆಯ ಮುಂಗಾಲುಗಳು ಕೆಲವು ನಿಮಿಷ ಸೋಲುತ್ತವೆ, ಒದ್ದಾಟ ನಿಲ್ಲುತ್ತದೆ. ಆ ಬಿಡುವಿನಲ್ಲಿ ಎರಡನೆಯ ಚುಚ್ಚು, ಕುತ್ತಿಗೆಯ ಮೂಲಕ ನೇರ ತಲೆಯೊಳಗಿನ ನರಗಂಟುಗಳಿಗೆ. ವಿಷ ನಿಜಕ್ಕೂ ಅಲ್ಲಿಗೇ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಲಿಬರ್ಸಾಟ್ ಮತ್ತು ಸಂಗಡಿಗರು 2003ರಲ್ಲಿ ಉತ್ತರ ಕೊಟ್ಟರು. ಕಣಜದ ವಿಷಕ್ಕೆ ವಿಕಿರಣದ ಗುರುತು ಸೇರಿಸಿ, ಚುಚ್ಚಿಸಿಕೊಂಡ ಜಿರಲೆಯ ತಲೆಯಲ್ಲಿ ಆ ಗುರುತು ಎಲ್ಲಿ ಸೇರಿದೆ ಎಂದು ಪತ್ತೆ ಮಾಡಿದರು. ಅದು ಮಿದುಳಿನಲ್ಲೂ ಅದರ ಕೆಳಗಿನ ನರಗಂಟಿನಲ್ಲೂ ಸಿಕ್ಕಿತು.

ಎರಡನೆಯ ಚುಚ್ಚಿನ ನಂತರ ಜಿರಲೆ ಸುಮಾರು ಅರ್ಧ ಗಂಟೆ ಕಾಲ ತನ್ನ ಮೈಯನ್ನೇ ಶುಚಿಮಾಡಿಕೊಳ್ಳುತ್ತ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕಣಜ ಸೂಕ್ತ ಬಿಲ ಹುಡುಕಿ ಬರುತ್ತದೆ. ಮರಳಿ ಬರುವಷ್ಟರಲ್ಲಿ ಜಿರಲೆಗೆ ನಡೆಯುವ ಶಕ್ತಿ ಇರುತ್ತದೆ, ನಡೆಯಬೇಕೆಂಬ ಪ್ರೇರಣೆ ಇರುವುದಿಲ್ಲ. ಪಾರ್ಶ್ವವಾಯು ಬಡಿದಿರುವುದಿಲ್ಲ, ಬೆನ್ನ ಮೇಲೆ ಮಗುಚಿದರೆ ಎದ್ದು ನಿಲ್ಲುತ್ತದೆ. ತಾನಾಗಿ ಓಡಿಹೋಗುವುದಿಲ್ಲ, ಅಷ್ಟೇ. ಕಣಜ ಅದರ ಎರಡೂ ಮೀಸೆಗಳನ್ನು ಅರ್ಧಕ್ಕೆ ಕತ್ತರಿಸಿ, ಒಸರುವ ದ್ರವ ಕುಡಿದು, ಉಳಿದ ತುಂಡನ್ನು ಹಿಡಿದು ಹೊರಡುತ್ತದೆ. ಹೀಗಾಗಿ ಮೀಸೆ ತುಂಡಾದ ಜಿರಲೆಯೊಂದು ಹಗಲಲ್ಲೇ ಅಲುಗಾಡದೆ ನಿಂತಿದ್ದರೆ, ಹತ್ತಿರದಲ್ಲೆಲ್ಲೋ ಈ ಕಣಜವಿದೆಯೇ ಎಂದು ನೋಡಬಹುದು.

ಎಲ್ಲ ಜಿರಲೆಗಳೂ ಸುಮ್ಮನೆ ಶರಣಾಗುವುದಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೆನೆತ್ ಕಟಾನಿಯಾ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿರಲೆ ಮುಳ್ಳುಗಳಿರುವ ಹಿಂಗಾಲಿನಿಂದ ಕಣಜದ ತಲೆಗೆ ಒದ್ದು ತಪ್ಪಿಸಿಕೊಳ್ಳುವುದನ್ನು ವಿಡಿಯೊದಲ್ಲಿ ದಾಖಲಿಸಿದರು. ಹಾಗೆಯೇ, ಚುಚ್ಚಿಸಿಕೊಂಡ ಮೇಲೂ ಕಣಜ ಮೊಟ್ಟೆ ಇಡದೆ ಬಿಟ್ಟರೆ ಜಿರಲೆ ಸುಮಾರು ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತದೆ. 'ಶಾಶ್ವತ ಗುಲಾಮ' ಎಂಬ ವಿಡಿಯೊಗಳ ಮಾತು ಅಷ್ಟರಮಟ್ಟಿಗೆ ಅತಿಶಯ.

ಮೊಟ್ಟೆಯಿಂದ ಕಣಜದವರೆಗೆ

ಬಿಲದೊಳಗೆ ಕಣಜ ಜಿರಲೆಯ ನಡುವಿನ ಕಾಲಿನ ಬುಡಕ್ಕೆ ಒಂದು ಬಿಳಿ ಮೊಟ್ಟೆ ಅಂಟಿಸಿ, ಬಿಲದ ಬಾಯಿಗೆ ಸಣ್ಣ ಕಲ್ಲು, ಕಡ್ಡಿ, ಕಸ ತುಂಬಿ ಹೊರಟುಹೋಗುತ್ತದೆ. ಇದು ಜಿರಲೆಯನ್ನು ಬಂಧಿಸುವುದಕ್ಕಿಂತ ಹೆಚ್ಚಾಗಿ ಹೊರಗಿನ ಇರುವೆ, ಹಲ್ಲಿಗಳಿಂದ ಕಾಪಾಡುವುದಕ್ಕೆ.

ಮೂರು ದಿನಗಳ ಆಸುಪಾಸಿನಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಮೊದಲ ಕೆಲವು ದಿನ ಅದು ಹೊರಗಿನಿಂದಲೇ ಜಿರಲೆಯ ದ್ರವ ಹೀರುತ್ತದೆ. ನಂತರ ಒಳಗೆ ನುಗ್ಗಿ ಅಂಗಾಂಗಗಳನ್ನು ತಿನ್ನುತ್ತದೆ. ಕೊನೆಗೆ ಖಾಲಿಯಾದ ಜಿರಲೆಯ ಚಿಪ್ಪಿನೊಳಗೇ ರೇಷ್ಮೆಯಂಥ ಗೂಡು ನೇಯ್ದು ಕೋಶವಾಗುತ್ತದೆ. ಕೆಲವು ವಾರಗಳ ಬಳಿಕ ರೆಕ್ಕೆ ಬಲಿತ ಕಣಜ ಚಿಪ್ಪನ್ನು ಒಡೆದು ಹೊರಬೀಳುತ್ತದೆ.

ಜಿರಲೆಯ ಮೈಯಲ್ಲಿ ಬ್ಯಾಕ್ಟೀರಿಯಾಗಳು ತುಂಬಿರುತ್ತವೆ. ಅಂಥ ಜಾಗದಲ್ಲಿ ಮರಿ ಕೊಳೆಯದೆ ಹೇಗೆ ಉಳಿಯುತ್ತದೆ? ಜರ್ಮನಿಯ ರೇಗೆನ್ಸ್‌ಬುರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಮರಿ ತನ್ನ ಬಾಯಿಯಿಂದ ಒಂದು ದ್ರವ ಸ್ರವಿಸಿ ಜಿರಲೆಯ ಒಳಗೋಡೆಗೆಲ್ಲ ಬಳಿಯುತ್ತದೆ. ಅದರಲ್ಲಿ ಮೆಲ್ಲೀನ್ ಮತ್ತು ಮೈಕ್ರೊಮೊಲೈಡ್ ಎಂಬ ರೋಗಾಣುನಾಶಕ ರಾಸಾಯನಿಕಗಳಿವೆ. ಊಟ ಮಾಡುವ ಮೊದಲು ತಟ್ಟೆ ತೊಳೆದಂತೆ.

ಜಿರಲೆ ಕಾಟ ಇದರಿಂದ ತೀರುತ್ತದೆಯೇ?

ತೀರುವುದಿಲ್ಲ. ಇದನ್ನು ಪರೀಕ್ಷಿಸಿ ನೋಡಿಯಾಗಿದೆ. ಕೀಟಶಾಸ್ತ್ರಜ್ಞ ಎಫ್. ಎಕ್ಸ್. ವಿಲಿಯಮ್ಸ್ 1941ರಲ್ಲಿ ಜಿರಲೆ ನಿಯಂತ್ರಣಕ್ಕೆಂದು ಈ ಕಣಜವನ್ನು ಹವಾಯಿ ದ್ವೀಪಗಳಿಗೆ ತಂದು ಬಿಟ್ಟರು. ಕಣಜ ಅಲ್ಲಿ ನೆಲೆಯೂರಿತು, ಜಿರಲೆಗಳು ಕಡಿಮೆಯಾಗಲಿಲ್ಲ. ತನ್ನ ಜಾಗ ಬಿಟ್ಟು ಹೆಚ್ಚು ದೂರ ಹೋಗದ, ಒಂದೊಂದೇ ಜಿರಲೆಯನ್ನು ಹಿಡಿದು ಒಂದೊಂದೇ ಮೊಟ್ಟೆ ಇಡುವ ಕಣಜಕ್ಕೆ, ಒಂದೇ ಚೀಲದಲ್ಲಿ ಹತ್ತಾರು ಮೊಟ್ಟೆ ಇಡುವ ಜಿರಲೆಯನ್ನು ಮಣಿಸುವುದು ಸಾಧ್ಯವಿಲ್ಲ.

ಇನ್ನೊಂದು ಮಿತಿಯೂ ಇದೆ. ಪಚ್ಚೆ ಕಣಜ ಹಿಡಿಯುವುದು ಮುಖ್ಯವಾಗಿ ಚರಂಡಿ, ಬಚ್ಚಲುಗಳಿಂದ ಬರುವ ದೊಡ್ಡ ಕೆಂಗಂದು ಜಿರಲೆಯನ್ನು. ಅಡುಗೆಮನೆಯ ಕಪಾಟು, ಫ್ರಿಜ್ಜಿನ ಹಿಂಬದಿ, ಮಿಕ್ಸರಿನ ತಳದಲ್ಲಿ ಸಂಸಾರ ಹೂಡುವ ತೆಳುಕಂದು ಬಣ್ಣದ ಸಣ್ಣ ಜಿರಲೆ, ಅಂದರೆ ಜರ್ಮನ್ ಜಿರಲೆ, ಅದರ ಮರಿಗೆ ಸಾಲದಷ್ಟು ಚಿಕ್ಕದು. ನಗರದ ಫ್ಲ್ಯಾಟುಗಳಲ್ಲಿ ಹೆಚ್ಚು ಕಾಟ ಕೊಡುವುದು ಈ ಸಣ್ಣದೇ.

ದೊಡ್ಡ ಜಿರಲೆಗೆ ಪಚ್ಚೆ ಕಣಜವಲ್ಲದೆ ಇನ್ನೂ ಎರಡು ಕಣಜ ಶತ್ರುಗಳಿವೆ. ಒಂದು ಇವಾನಿಯಾ ಅಪೆಂಡಿಗ್ಯಾಸ್ಟರ್: ಕಪ್ಪು ಮೈ, ಎದೆಯ ಮೇಲ್ಭಾಗಕ್ಕೆ ಅಂಟಿಸಿದಂತಿರುವ ಪುಟ್ಟ ಚಪ್ಪಟೆ ಹೊಟ್ಟೆ. ನಡೆಯುವಾಗ ಆ ಹೊಟ್ಟೆಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುತ್ತದೆ. ಇದು ಜಿರಲೆಯನ್ನು ಮುಟ್ಟುವುದಿಲ್ಲ. ಜಿರಲೆಯ ಮೊಟ್ಟೆಚೀಲಕ್ಕೆ ತನ್ನ ಮೊಟ್ಟೆ ತೂರಿಸುತ್ತದೆ. ಒಂದು ಮರಿ ಚೀಲದೊಳಗಿನ ಮೊಟ್ಟೆಗಳನ್ನೆಲ್ಲ ತಿಂದು ಹೊರಬರುತ್ತದೆ. ಇನ್ನೊಂದು ಅಪ್ರೋಸ್ಟೋಸಿಟಸ್ ಹ್ಯಾಗನೋವಿಯೈ: ಎರಡು ಮಿಲಿಮೀಟರಿನಷ್ಟು ಸಣ್ಣದು, ಒಂದೇ ಮೊಟ್ಟೆಚೀಲದಿಂದ ಹತ್ತಾರು ಹೊರಬರುತ್ತವೆ. ಕಿಟಕಿಯಲ್ಲಿ ಕಾಣುವ ಕಪ್ಪು 'ಬಾವುಟದ ಕಣಜ'ವನ್ನು ಹಾರುವ ಜೇಡ ಎಂದುಕೊಂಡು ಹೊಡೆಯುವವರುಂಟು. ಅದು ಮನುಷ್ಯರನ್ನು ಚುಚ್ಚುವುದಿಲ್ಲ.

ಈ ಮೂರರಲ್ಲಿ ಯಾವುದು ಮನೆಯಲ್ಲಿ ಕಂಡರೂ ಅರ್ಥ ಒಂದೇ: ಹತ್ತಿರದಲ್ಲಿ ದೊಡ್ಡ ಜಿರಲೆಗಳ ನೆಲೆಯಿದೆ. ಕಣಜ ರೋಗವಲ್ಲ, ಮದ್ದೂ ಅಲ್ಲ, ಅದು ಲಕ್ಷಣ. ನೋಡಬೇಕಾದದ್ದು ಚರಂಡಿಯ ಜಾಲರಿ, ಪೈಪಿನ ಸಂದು, ಒದ್ದೆ ಮೂಲೆಗಳನ್ನು.

ಮನೆಯಲ್ಲಿ ಕಂಡರೆ ಏನು ಮಾಡಬೇಕು?

ಪಚ್ಚೆ ಕಣಜ ಒಂಟಿಯಾಗಿ ಬದುಕುವ ಕೀಟ. ಹೆಜ್ಜೇನು ಅಥವಾ ಗುಂಪಿನಲ್ಲಿರುವ ಕಣಜಗಳಂತೆ ಗೂಡು ಕಾಯಲು ಮೇಲೆರಗುವ ಸ್ವಭಾವ ಇದಕ್ಕಿಲ್ಲ. ಆದರೆ ಹೆಣ್ಣನ್ನು ಕೈಯಲ್ಲಿ ಹಿಡಿದರೆ, ಬಟ್ಟೆಯೊಳಗೆ ಸಿಕ್ಕಿಸಿಕೊಂಡರೆ ಚುಚ್ಚಬಲ್ಲದು. ಕೀಟ ಚುಚ್ಚಿದಾಗ ಮೈಯೆಲ್ಲ ದದ್ದು, ಮುಖ ಅಥವಾ ಗಂಟಲಿನ ಊತ, ಉಸಿರಾಟದ ತೊಂದರೆ ಕಂಡರೆ, ಕೀಟ ಯಾವುದೇ ಆಗಿರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಓಡಿಸಬೇಕಿದ್ದರೆ ಕಿಟಕಿ ತೆರೆದಿಟ್ಟು ಒಳಗಿನ ದೀಪ ಆರಿಸಿದರೆ ಸಾಕು. ಬೆಳಕಿನ ಕಡೆಗೆ ತಾನೇ ಹೋಗುತ್ತದೆ. ಗಾಜಿನ ಮೇಲೆ ಕೂತಿದ್ದರೆ ಅಗಲಬಾಯಿಯ ಲೋಟ ಮುಚ್ಚಿ, ಅಡಿಗೆ ದಪ್ಪ ಕಾಗದ ಸರಿಸಿ ಹೊರಗೆ ಬಿಡಬಹುದು. ಜಿರಲೆಗೆಂದು ಸಿಂಪಡಿಸುವ ಸ್ಪ್ರೇ ಕಣಜವನ್ನೂ ಕೊಲ್ಲುತ್ತದೆ.

ಗುರುತಿಸಲು ಫೋಟೊ ತೆಗೆಯುವುದಾದರೆ ಒಂದು ಸಾಲದು. ಮೇಲಿನಿಂದ ಒಂದು, ಕುತ್ತಿಗೆ ಮತ್ತು ಸೊಂಟ ಕಾಣುವಂತೆ. ಪಕ್ಕದಿಂದ ಒಂದು, ಮೂರೂ ಕಾಲುಗಳ ತೊಡೆ ಕಾಣುವಂತೆ. ಸಾಧ್ಯವಾದರೆ ಮುಖದ್ದೊಂದು. ಲೋಟದಲ್ಲಿದ್ದರೆ ಪಕ್ಕದಲ್ಲಿ ನಾಣ್ಯ ಇಟ್ಟು ಇನ್ನೊಂದು, ಗಾತ್ರಕ್ಕೆ. ಫ್ಲ್ಯಾಷ್ ಬೇಡ, ಹೊಳಪಿನ ಮೈಮೇಲೆ ಬೆಳಕು ಚಿಮ್ಮಿ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ದಿನಾಂಕ, ಊರು, ಎಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಹಾಕಿದ ಇಂಥ ಫೋಟೊಗಳನ್ನು ಕೀಟಗಳನ್ನು ಬಲ್ಲವರು ನೋಡಿ ಹೆಸರು ಸೂಚಿಸುತ್ತಾರೆ. ಆ ಪ್ರಭೇದ ಯಾವ ಊರಿನಲ್ಲಿದೆ ಎಂಬ ದಾಖಲೆಯೂ ಆಗುತ್ತದೆ. ಮೊಬೈಲ್ ಆ್ಯಪ್ ತಾನಾಗಿ ಕೊಡುವ ಹೆಸರನ್ನು ಮಾತ್ರ ಕೊನೆಯ ಮಾತು ಎಂದುಕೊಳ್ಳಬಾರದು. ಮನುಷ್ಯರಂತೆ ಅದೂ ಹೊಳಪಿಗೆ ಮೋಸಹೋಗುತ್ತದೆ.

ಒಂದೇ ನೋಟಕ್ಕೆ

- ರೆಕ್ಕೆ ಎರಡೇ ಇದ್ದು ಮೀಸೆ ತೀರಾ ಗಿಡ್ಡವಿದ್ದರೆ: ನೊಣ.
- ಮುಟ್ಟಿದಾಗ ಚೆಂಡಿನಂತೆ ಮುದುರಿದರೆ: ಕೋಗಿಲೆ ಕಣಜ.
- ಸೊಂಟ ದಾರದಂತೆ ಉದ್ದವಿದ್ದು ಮೈ ನೀಲಿಯಾಗಿದ್ದರೆ: ಜೇಡ ಹಿಡಿಯುವ ನೀಲಿ ಮಣ್ಣಿನ ಕಣಜ.
- ಕಾಲುಗಳೆಲ್ಲ ಮೈಯ ಬಣ್ಣವೇ ಆಗಿದ್ದು, ಬಯಲಿನ ನೆಲದಲ್ಲಿ ಓಡಾಡುತ್ತಿದ್ದರೆ: ಚಿಮ್ಮಂಡೆ ಹಿಡಿಯುವ ಕ್ಲೋರಿಯನ್ ಇರಬಹುದು.
- ಮೈ ಕಪ್ಪಾಗಿದ್ದು, ಪುಟ್ಟ ಹೊಟ್ಟೆ ಬಾವುಟದಂತೆ ಆಡುತ್ತಿದ್ದರೆ: ಜಿರಲೆಯ ಮೊಟ್ಟೆಚೀಲ ಹುಡುಕುವ ಇವಾನಿಯಾ.
- ಹಸಿರು-ನೀಲಿ ಮೈ, ಉದ್ದ ಕುತ್ತಿಗೆ, ಗಿಡ್ಡ ಸೊಂಟ, ನಡುವಿನ ಮತ್ತು ಹಿಂದಿನ ಕಾಲುಗಳಲ್ಲಿ ಕೆಂಪು ತೊಡೆ, ಈ ನಾಲ್ಕೂ ಇದ್ದರೆ: ಆಂಪ್ಯುಲೆಕ್ಸ್ ಕಂಪ್ರೆಸ್ಸಾ.

ಮುಂದಿನ ಸಲ ಕಿಟಕಿಯಲ್ಲಿ ಪಚ್ಚೆ ಹುಳು ಕಂಡಾಗ ಸ್ಪ್ರೇ ಡಬ್ಬಿಗೆ ಕೈಹಾಕುವ ಮೊದಲು ಒಂದು ನಿಮಿಷ ಅದರ ಕಾಲು ನೋಡಿ. ತೊಡೆ ಕೆಂಪಗಿದ್ದರೆ ಅದು ಹುಡುಕಿಕೊಂಡು ಬಂದಿರುವುದು ನಿಮ್ಮನ್ನಲ್ಲ, ನಿಮ್ಮ ಬಚ್ಚಲಿನ ಜಿರಲೆಯನ್ನು.